ಊರು ತಪ್ಪಿದ ಪಾರ್ಸೆಲ್ಲುಗಳು

ನಿಬಿಯಾ ಒಲಗರಾಯ್ ಗಂಡನನ್ನು ಬಿಟ್ಟು ಬಹಳ ಕಾಲವಾಗಿತ್ತು. ಆದರೆ ಗಂಡನ ಮೇಲೆ ದೂರು ಹೇಳುವುದನ್ನು ಬಿಟ್ಟಿರಲಿಲ್ಲ. ಬಿಡುವುದಾದರೂ ಹೇಗೆ ಹೇಳಿ? ಇಬ್ಬರಿಗೂ ಸಂಬಳ ಕೊಡುತ್ತಿದ್ದುದು ಒಂದೇ ಉರುಂದಾಯ್ ಬಸ್ ಕಂಪನಿ. ಮೊಂತೆವಿದೇವೊ ನಿಲ್ದಾಣದ ಮೇಲಂತಸ್ತಿನ ಕಂಪ್ಯೂಟರ್ ಕೋಣೆಯಲ್ಲಿ ಅವಳು, ಕೆಳಗೆ ಪಾರ್ಸೆಲ್ ಕೌಂಟರಿನಲ್ಲಿ ಅವನು, ವಾಲ್ದೆಮಾರ್. ನಡುವೆ ಇದ್ದದ್ದು ಒಂದು ಸಾಲು ಮೆಟ್ಟಿಲು ಮಾತ್ರ. ಅದನ್ನು ಅವಳು ಇಳಿಯುತ್ತಿರಲಿಲ್ಲ, ಅವನು ಹತ್ತುತ್ತಿರಲಿಲ್ಲ.

ನಾನು ಕೂರುತ್ತಿದ್ದದ್ದೂ ಆ ಕಂಪ್ಯೂಟರ್ ಕೋಣೆಯಲ್ಲೇ, ಬಾಗಿಲ ಹಿಂದಿನ ಮೂಲೆಯಲ್ಲಿ. ಕಂಪ್ಯೂಟರಿಗೂ ನನಗೂ ಸಂಬಂಧವಿಲ್ಲ. ಫೋನಿನಲ್ಲಿ ಗಿರಾಕಿಗಳ ಬೈಗುಳ ಕೇಳುವುದು ನನ್ನ ಕೆಲಸ. ಬೇರೆಲ್ಲೂ ಜಾಗವಿಲ್ಲವೆಂದು ನನ್ನನ್ನು ತಂದು ಅಲ್ಲಿ ತುರುಕಿದ್ದರು. ಇನ್ನೊಬ್ಬ ಎಡಿಸನ್. ದೊಡ್ಡವರ ಹೆಸರನ್ನು ಕಂಡಕಂಡ ಮಕ್ಕಳಿಗೆ ಇಡುವುದು ನಮ್ಮವರ ಹಳೆಯ ಚಾಳಿ. ನಮ್ಮ ಎಡಿಸನ್ ಕಂಡುಹಿಡಿದದ್ದು ಏನಾದರೂ ಇದ್ದರೆ, ಅದು ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುವ ವಿದ್ಯೆ. ನಿಬಿಯಾ ಪ್ರೋಗ್ರಾಮು ಬರೆಯುತ್ತಿದ್ದಳು, ಅವನು ಯಂತ್ರಗಳ ತಂತಿ ನೋಡಿಕೊಳ್ಳುತ್ತಿದ್ದ.

ನಿಬಿಯಾ ಕುಳ್ಳಗೆ, ಗಟ್ಟಿಮುಟ್ಟಾಗಿ, ತಲೆಗೂದಲಿಗೆ ವರ್ಷಕ್ಕೊಂದು ಬಣ್ಣ ಹಚ್ಚಿಕೊಂಡು ಇರುವ ಹೆಂಗಸು. ಬಿಸಿನೀರಿನ ಫ್ಲಾಸ್ಕನ್ನು ಕಂಕುಳಲ್ಲಿ ಇರುಕಿಕೊಂಡೇ ಬಸ್ಸು ಹತ್ತುತ್ತಿದ್ದಳು, ಇರುಕಿಕೊಂಡೇ ಬೀಗ ತೆಗೆಯುತ್ತಿದ್ದಳು. ಅವಳ ಬಾಯಲ್ಲಿ ಸದಾ ಬರುತ್ತಿದ್ದ ಮಾತು ಒಂದೇ: "ಒಂದಿದ್ರೆ ಸಾಕು." ಚಳಿಗಾಲಕ್ಕೆ ಒಂದು ಕೋಟು ಸಾಕು, ಕೋಣೆಗೆ ಒಂದು ದೀಪ ಸಾಕು, ಜನ್ಮಕ್ಕೆ ಒಂದು ಗಂಡ ಸಾಕೋ ಸಾಕು. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ನಮ್ಮ ಮೂವರಿಗೂ ಒಂದೇ ಮಾಟೆ. ಸೋರೆ ಬುರುಡೆಯ ತುಂಬ ಯೆರ್ಬಾ ಎಲೆಯ ಪುಡಿ, ಅದರಲ್ಲಿ ಸಿಕ್ಕಿಸಿದ ಒಂದು ಲೋಹದ ಕೊಳವೆ. ಬಿಸಿನೀರು ಹೊಯ್ಯುವ ಹಕ್ಕು ನಿಬಿಯಾಳದು. ಹೊಯ್ದು ಒಬ್ಬರ ಕೈಗೆ ಕೊಡುತ್ತಾಳೆ. ಅವರು ತಳದವರೆಗೂ ಹೀರಿ ಅವಳಿಗೇ ವಾಪಸು ಕೊಡಬೇಕು. ಅವಳು ಮತ್ತೆ ಹೊಯ್ದು ಮುಂದಿನವರಿಗೆ ಕೊಡುತ್ತಾಳೆ. ಬುರುಡೆ ಒಬ್ಬರ ಕೈಲಿದ್ದಾಗ ಇನ್ನೊಬ್ಬರು ಕೈ ಚಾಚುವಂತಿಲ್ಲ, ಕೊಳವೆ ಅಲ್ಲಾಡಿಸುವಂತಿಲ್ಲ. ಪ್ರತಿ ಸಲ ಥ್ಯಾಂಕ್ಸ್ ಎನ್ನುವಂತೆಯೂ ಇಲ್ಲ. ಹಾಗಂದರೆ ನನಗೆ ಸಾಕು, ಇನ್ನು ಹೊಯ್ಯಬೇಡ ಎಂದಾಯಿತು. ಒಂದು ಭಾನುವಾರ ಬೆಳಿಗ್ಗೆ ವಾಲ್ದೆಮಾರ್ ಮೊದಲ ಬುರುಡೆಗೇ ಥ್ಯಾಂಕ್ಸ್ ಅಂದುಬಿಟ್ಟನಂತೆ. ಅಂದು ಮಧ್ಯಾಹ್ನವೇ ಬೇರೆ ಮನೆ ಹುಡುಕುವ ಮಾತು ಬಂತಂತೆ. ಇದನ್ನು ನಿಬಿಯಾ ನಮಗೆ ಎಷ್ಟು ಸಲ ಹೇಳಿದ್ದಳೋ, ಹೇಳುವಾಗೆಲ್ಲ ಫ್ಲಾಸ್ಕಿನ ಮುಚ್ಚಳವನ್ನು ಮಾತ್ರ ಬಹಳ ಬಿಗಿಯಾಗಿ ತಿರುಗಿಸುತ್ತಿದ್ದಳು.

ಅವನ ಮರೆವಿನ ಕಥೆಗಳಂತೂ ನಮ್ಮ ಮಾಟೆಗೆ ನೆಂಚಿಕೊಳ್ಳಲು ಇದ್ದ ತಿಂಡಿ. ಸಕ್ಕರೆ ಡಬ್ಬಿಗೆ ಉಪ್ಪು ಸುರಿದದ್ದು, ಸೋದರತ್ತೆಯ ಹುಟ್ಟುಹಬ್ಬಕ್ಕೆಂದು ಸಾವಿನ ಮನೆಗೆ ಕೇಕು ಹೊತ್ತುಕೊಂಡು ಹೋದದ್ದು, ಮದುವೆಯ ದಿನ ಒಂದು ಕಾಲಿಗೆ ಕಪ್ಪು ಇನ್ನೊಂದಕ್ಕೆ ಕಂದು ಬೂಟು ಹಾಕಿಕೊಂಡು ಬಂದದ್ದು. ನಾವು ನಗುತ್ತಿದ್ದೆವು. ನಾನು ಊಟಕ್ಕೆ ಹೋದಾಗ ಆ ಕಥೆಗಳನ್ನು ಬೇರೆಯವರಿಗೆ ಬಡಿಸುತ್ತಿದ್ದೆ. ಹೀಗೆ ಕಂಪನಿಯ ಡ್ರೈವರು ಕಂಡಕ್ಟರುಗಳಿಗೆಲ್ಲ ವಾಲ್ದೆಮಾರ್ ಎಂದರೆ ಮರೆಗುಳಿ ಎಂದಾಗಿಹೋಗಿತ್ತು.

ಇನ್ನು ಪಾರ್ಸೆಲ್ಲಿನ ವಿಷಯ. ಊರಿನಿಂದ ಊರಿಗೆ ಏನು ಕಳಿಸಬೇಕಾದರೂ ಬಸ್ಸಿಗೆ ಹಾಕುವುದು ನಮ್ಮ ರೂಢಿ. ಕೌಂಟರಿನಲ್ಲಿ ಕೂತವರು ಹೆಸರು ಮತ್ತು ಊರನ್ನು ಟೈಪು ಮಾಡುತ್ತಾರೆ, ಲೇಬಲ್ಲು ಹೊರಬರುತ್ತದೆ, ಅಂಟಿಸುತ್ತಾರೆ. ಆ ಲೇಬಲ್ಲಿನ ನಕಲೇ ಕಂಪನಿಯ ದಾಖಲೆ. ಕೌಂಟರುಗಳು ಎರಡು. ಒಂದರಲ್ಲಿ ವಾಲ್ದೆಮಾರ್, ಇನ್ನೊಂದರಲ್ಲಿ ಸುಲ್ಮಾ. ಸುಲ್ಮಾ ನಮ್ಮ ಮ್ಯಾನೇಜರು ಫಗುಂಡೆಸ್ ಸಾಹೇಬರ ನಾದಿನಿ. ಆದ್ದರಿಂದ ಅವಳು ತಪ್ಪು ಮಾಡುವ ಪ್ರಶ್ನೆಯೇ ಇರಲಿಲ್ಲ.

ಮೊದಲು ಎರಡು ಕೌಂಟರಿಗೂ ಬೇರೆಬೇರೆ ಪ್ರೋಗ್ರಾಮು ಇತ್ತು. ನಿಬಿಯಾ ಅದನ್ನು ಕಿತ್ತು, ಮೇಲಿನ ಒಂದೇ ದೊಡ್ಡ ಯಂತ್ರದಿಂದ ಇಬ್ಬರಿಗೂ ಲೇಬಲ್ಲು ಹೋಗುವಂತೆ ಮಾಡಿದಳು. "ಒಂದಿದ್ರೆ ಸಾಕು." ಅದಾದ ಮೇಲೆ ಎಲ್ಲವೂ ಚುರುಕಾಯಿತು. ಅದಾದ ಮೇಲೆಯೇ ನನ್ನ ಫೋನೂ ಬಡಿದುಕೊಳ್ಳತೊಡಗಿತು.

ಮೆರ್ಸೆದೆಸ್ ಊರಿನ ಒಬ್ಬ ಅಜ್ಜಿಯ ಹೊಸ ಹಲ್ಲಿನ ಸೆಟ್ಟು ದೇಶದ ಇನ್ನೊಂದು ತುದಿಯ ರಿವೇರಾಕ್ಕೆ ಹೋಗಿ ಕೂತಿತು. "ಏನಮ್ಮಾ, ನನ್ನ ಹಲ್ಲು ರಿವೇರಾದಲ್ಲಿ ಯಾರನ್ನ ಕಚ್ತಾ ಇದೆ?" ಎಂದು ಅಜ್ಜಿ ಬೊಚ್ಚುಬಾಯಲ್ಲೇ ನನ್ನನ್ನು ಜಾಡಿಸಿದಳು. ಪೈಸಾಂದೂವಿಗೆ ಹೋಗಬೇಕಿದ್ದ ಮದುಮಗಳ ಬೂಟು ಗಡಿಯ ಚುಯ್ ಊರಿಗೆ ಹೋಯಿತು. ಮದುಮಗಳು ತಂಗಿಯ ಬೂಟು ಹಾಕಿಕೊಂಡು ಕುಂಟುತ್ತಾ ಮದುವೆಯಾದಳಂತೆ. ಎಲ್ಲದರಲ್ಲೂ ಒಂದೇ ಬಗೆಯ ಎಡವಟ್ಟು. ಲೇಬಲ್ಲಿನ ಮೇಲೆ ಹೆಸರು ಸರಿಯಾಗಿರುತ್ತಿತ್ತು, ಊರು ಇನ್ನಾರದ್ದೋ. ಯಾವ ಕೌಂಟರಿನದೆಂದು ಲೇಬಲ್ಲು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಯಾರಿಗೂ ಕಾಣಲಿಲ್ಲ. ಮರೆಗುಳಿ ಒಬ್ಬ ಅಲ್ಲೇ ಕೂತಿದ್ದನಲ್ಲ!

ತುರಿಸ್ಮೊ ವಾರ ಹತ್ತಿರ ಬಂತು. ಆ ವಾರ ದೇಶಕ್ಕೆ ದೇಶವೇ ಗಂಟುಮೂಟೆ ಕಟ್ಟಿ ಹೊರಟುಬಿಡುತ್ತದೆ. ಪಾರ್ಸೆಲ್ಲುಗಳು ಸೂರು ಮುಟ್ಟುತ್ತವೆ. ಫಗುಂಡೆಸ್ ಸಾಹೇಬರು ತಮ್ಮ ಸ್ವಂತ ಫ್ಲಾಸ್ಕು ಹಿಡಿದು ನಮ್ಮ ಕೋಣೆಗೆ ಬಂದರು. ಅವರು ನಮ್ಮ ಬುರುಡೆಯಲ್ಲಿ ಕುಡಿಯುವುದಿಲ್ಲ. ಸ್ಥಾನಮಾನ!

"ನೋಡಮ್ಮ ನಿಬಿಯಾ, ರಜೆ ಶುರುವಾಗೋದ್ರೊಳಗೆ ಇದೊಂದು ಇತ್ಯರ್ಥ ಆಗ್ಬೇಕು. ನಿನ್ನ ಪ್ರೋಗ್ರಾಮಿನದಾ ತಪ್ಪು, ಇಲ್ಲಾ ನಿನ್ನ ಗಂಡನದಾ?"

"ಮಾಜಿ ಗಂಡ."

"ಮಾಜಿನೋ ಹಾಲಿನೋ. ಅವನದು ಅಂತಾದ್ರೆ ಕೆಲಸದಿಂದ ತೆಗೀತೀನಿ. ಚೆನ್ನಾಗಿ ಪರೀಕ್ಷೆ ಮಾಡಿ ಹೇಳು."

ಅಷ್ಟು ಹೊತ್ತು ತೂಕಡಿಸುತ್ತಿದ್ದ ಎಡಿಸನ್ ಕೂಡ ಕಣ್ಣು ಬಿಟ್ಟ. ಆ ವಯಸ್ಸಿನಲ್ಲಿ ಕೆಲಸ ಹೋದರೆ ವಾಲ್ದೆಮಾರನಿಗೆ ಇನ್ನೊಂದು ಕೆಲಸ ಕೊಡುವವರು ಯಾರು? ನಿಬಿಯಾ ಮಾತ್ರ ಹೆಗಲು ಕುಣಿಸಿ, "ನನ್ನ ಪ್ರೋಗ್ರಾಮು ಹೇಳಿದ್ದನ್ನ ಬರೆಯತ್ತೆ. ಹೇಳೋನೇ ತಪ್ಪು ಹೇಳಿದ್ರೆ ಅದೇನ್ ಮಾಡತ್ತೆ?" ಅಂದಳು.

ಪರೀಕ್ಷೆ ಮಾಡಿದೆವು. ಮೂವರೂ ಮೂರು ಯಂತ್ರದ ಮುಂದೆ ಕೂತೆವು. ನಾನು ರೋಚಾ ಊರಿನ ನನ್ನ ಅತ್ತೆ ದೆಲ್ಮಿರಾಳ ಹೆಸರು ಹಾಕಿದೆ. ಎಡಿಸನ್ ತನ್ನ ನಾಯಿ ತೂಲೂವನ್ನು ಅರ್ತೀಗಾಸಿಗೆ ಕಳಿಸಿದ. ಮಾಟೆಯಿಲ್ಲದೆ ನಾವು ಯಾವ ಕೆಲಸವನ್ನೂ ಮಾಡಿದವರಲ್ಲ. ಬುರುಡೆ ನನ್ನ ಕೈಗೆ ಬಂತು. ಹೀರಿ, ಅವಳಿಗೆ ಕೊಟ್ಟು, ಗುಂಡಿ ಒತ್ತಿದೆ. ಲೇಬಲ್ಲು ಸರಿ. ಆಮೇಲೆ ಎಡಿಸನ್ ಹೀರಿದ, ಕೊಟ್ಟ, ಒತ್ತಿದ. ಸರಿ. ನಿಬಿಯಾ ತಾನೂ ಹೀರಿದಳು, ಒತ್ತಿದಳು. ಸರಿ. ಬುರುಡೆ ಸುತ್ತುತ್ತಲೇ ಇತ್ತು, ಫ್ಲಾಸ್ಕು ಖಾಲಿಯಾಗುವವರೆಗೂ ಲೇಬಲ್ಲುಗಳು ಬಂದವು. ಒಂದೂ ತಪ್ಪಿಲ್ಲ.

"ನೋಡಿದ್ರಾ? ಪ್ರೋಗ್ರಾಮು ಚೊಕ್ಕಟವಾಗಿದೆ," ಅಂದಳು ನಿಬಿಯಾ. ಗೆದ್ದವಳ ಸಂತೋಷ ಇರಬೇಕಿತ್ತು, ಅಷ್ಟೇನೂ ಇರಲಿಲ್ಲ.

"ಪಾಪ ಕಣೇ ವಾಲ್ದೆಮಾರ್," ಅಂದೆ ನಾನು. "ಈಗೀಗ ಬಸ್ ಸ್ಟಾಪಿನಲ್ಲಿ ನಿಂತು ಒಬ್ಬನೇ ಊರಿನ ಹೆಸರು ಒದರ್ತಾ ಇರ್ತಾನೆ. ಮಿನಾಸ್, ಮಿನಾಸ್, ದುರಾಸ್ನೊ, ದುರಾಸ್ನೊ ಅಂತ. ಜಪ ಮಾಡೋ ಹಾಗೆ."

"ಕಂಡಕ್ಟರ್ ಆಗ್ಬೇಕಿತ್ತು ಅವನು," ಅಂದ ಎಡಿಸನ್. ನಾವು ನಕ್ಕೆವು. ನಿಬಿಯಾ ನಗಲಿಲ್ಲ. ಬುರುಡೆಯ ಹಳೇ ಪುಡಿ ಬಡಿದು ಹೊಸದು ತುಂಬಿದಳು.

ಫಗುಂಡೆಸ್ ಸಾಹೇಬರಿಗೆ ಇನ್ನೂ ಒಂದು ದಿನ ಪರೀಕ್ಷೆ ಮಾಡಿ ಹೇಳುತ್ತೇನೆ ಎಂದಳು. ಬೇಕಿರಲಿಲ್ಲ ಅದು. ಸಾಹೇಬರು ಅಷ್ಟರಲ್ಲೇ ವಾಲ್ದೆಮಾರನನ್ನು ತೆಗೆಯುವ ಕಾಗದ ಟೈಪು ಮಾಡಿಸಿ ಇಟ್ಟಿದ್ದರು. ಇನ್ನೊಂದು ದಿನ ಯಾಕೆ ಕೇಳಿದಳೆಂದು ನಾನು ಆಗ ಕೇಳಲಿಲ್ಲ. ಕೇಳಿದ್ದರೆ ನನ್ನ ಮೇಲೆ ಹಾರಿಬೀಳುತ್ತಿದ್ದಳು.

ಮರುದಿನ ಬೆಳಿಗ್ಗೆ ಎಡಿಸನ್ ಆಕಳಿಸುತ್ತಾ ಕೈ ಚಾಚಿ ಮೈಮುರಿದ. ಆ ಕೈ ಹೋಗಿ ಬಡಿದದ್ದು ಫ್ಲಾಸ್ಕಿಗೆ. ಫ್ಲಾಸ್ಕು ನೆಲಕ್ಕೆ ಬಿದ್ದು ಒಳಗಿನ ಗಾಜು ಝಲ್ ಎಂದಿತು. ಕೋಣೆಯಲ್ಲಿ ಸೂತಕ.

"ನಿನ್ನ ಕೈಗೆ ಹಾವು ಕಚ್ಚ!" ಅಂದಳು ನಿಬಿಯಾ.

"ಬೇಕಂತ ಮಾಡಿದ್ನಾ ಮಾರಾಯ್ತಿ? ಕೆಳಗೆ ಹೋಗಿ ಕಾಫಿ ತರ್ಲಾ?"

"ನಿನ್ನ ಕಾಫಿ ನೀನೇ ಕುಡಿ. ಕೂತ್ಕೊಳ್ಳಿ ಇಬ್ರೂ. ಪರೀಕ್ಷೆ ಮುಗ್ಸಿ ಸಾಯೋಣ."

ಮೂವರೂ ಮುಖ ಗಂಟು ಹಾಕಿಕೊಂಡು ಕೂತೆವು. ಬೆಳಗಿನ ಮಾಟೆ ಇಲ್ಲದ ನಮ್ಮ ಜನವನ್ನು ನೀವು ನೋಡಿಲ್ಲ, ನೋಡುವುದೂ ಬೇಡ. ಕೈಗೆ ಕೆಲಸವಿಲ್ಲ, ಬಾಯಿಗೆ ಕೊಳವೆಯಿಲ್ಲ, ಯಾರ ಸರದಿಯೂ ಅಲ್ಲ. ಬೇಗ ಮುಗಿದರೆ ಸಾಕೆಂದು ನಾನು ಗುಂಡಿಯನ್ನು ಪಟಪಟ ಕುಟ್ಟಿದೆ. ಎಡಿಸನ್ನೂ ಕುಟ್ಟಿದ. ನಿಬಿಯಾಳೂ ಸಿಟ್ಟಿನಲ್ಲಿ ಕುಟ್ಟಿದಳು. ಲೇಬಲ್ಲುಗಳು ಒಂದರ ಮೇಲೊಂದು ಬಂದು ಬಿದ್ದವು.

ಎಡಿಸನ್ ಒಂದನ್ನು ಎತ್ತಿ ನೋಡಿ ನನ್ನತ್ತ ತಿರುಗಿದ. "ಎರ್ಸಿಲಿಯಾ, ನನ್ನ ನಾಯಿ ನಿಮ್ಮ ಅತ್ತೆ ಊರಿಗ್ಯಾಕೆ ಹೋಯ್ತು?"

ನಾನು ನನ್ನದನ್ನು ನೋಡಿದೆ. ದೆಲ್ಮಿರಾ ಅತ್ತೆ ಅರ್ತೀಗಾಸಿಗೆ ಹೊರಟಿದ್ದಳು. ರೋಚಾ ಬಿಟ್ಟು ಎಲ್ಲೂ ಹೋಗದ ಹೆಂಗಸು.

"ನೀನು ತಪ್ಪು ಹೊಡೆದಿರ್ತೀಯ," ಅಂದಳು ನಿಬಿಯಾ ಎಡಿಸನ್ನಿಗೆ.

"ನಾನೆಲ್ಲಿ ಹೊಡೆದೆ? ನಿನ್ನೆ ಹಾಕಿದ್ದೇ ಇದೆ, ಬರೀ ಗುಂಡಿ ಒತ್ತಿದ್ದು!"

ನಿಬಿಯಾ ಲೇಬಲ್ಲುಗಳನ್ನೆಲ್ಲ ಬಾಚಿ ಹರಡಿಕೊಂಡಳು. ಬಹುಪಾಲು ಸರಿ ಇದ್ದವು. ನಡುನಡುವೆ ಒಂದೊಂದು ಊರು ತಪ್ಪಿದ್ದು. ಮತ್ತೆ ಒತ್ತಿಸಿದಳು. ಒಬ್ಬೊಬ್ಬರಾಗಿ ಒತ್ತಿದರೆ ಎಲ್ಲ ಸರಿ. ಒಟ್ಟಿಗೆ ಕುಟ್ಟಿದರೆ ನಾಯಿ ರೋಚಾಕ್ಕೆ. ಅವಳು ನೀರಿಲ್ಲದ ಬುರುಡೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

"ಇದು," ಅಂದಳು ಬುರುಡೆ ತೋರಿಸಿ. "ಇದು ಸುತ್ತೋವಾಗ ನಾವು ಯಾವತ್ತಾದ್ರೂ ಒಟ್ಟಿಗೆ ಒತ್ತಿದೀವಾ? ಒಬ್ರು ಹೀರಿ ಕೊಟ್ಟ ಮೇಲೆ ತಾನೆ ಇನ್ನೊಬ್ರು? ಇದೇ ಕಣ್ರೋ ನಮ್ಮನ್ನ ಸಾಲಲ್ಲಿ ನಿಲ್ಲಿಸಿದ್ದು. ಅಲ್ಲಿ ಕೆಳಗೆ ಯಾರು ಸಾಲಲ್ಲಿ ನಿಲ್ಲಿಸ್ತಾರೆ?"

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ನನಗೆ ತಿಳಿಯಿತೆಂದರೆ ನಿಮಗೂ ತಿಳಿಯುತ್ತದೆ. ಲೇಬಲ್ಲಿನ ಅಕ್ಷರ, ಗೆರೆ ಎಲ್ಲ ಮೂಡಿಸುವ ಪ್ರೋಗ್ರಾಮನ್ನು ಅವಳು ಬರೆದದ್ದಲ್ಲ. ಯಾರೋ ಪುಣ್ಯಾತ್ಮರು ಬರೆದಿಟ್ಟ ಸಿದ್ಧ ಸರಕು ಅದು, ಲೈಬ್ರರಿ ಎನ್ನುತ್ತಾರೆ. ಅದರಿಂದ ಯಂತ್ರದೊಳಗೇ ಒಬ್ಬ ಬರವಣಿಗೆಯವನನ್ನು ಎಬ್ಬಿಸಿಕೊಳ್ಳಬೇಕು. ಹೆಸರು ಹೇಳಿದರೆ ನೆನಪಿಟ್ಟುಕೊಳ್ಳುತ್ತಾನೆ, ಊರು ಹೇಳಿದರೆ ನೆನಪಿಟ್ಟುಕೊಳ್ಳುತ್ತಾನೆ, ಬರಿ ಎಂದರೆ ಬರೆಯುತ್ತಾನೆ. ಪಾಪ, ಒಂದು ಹೆಸರು ಒಂದು ಊರಿಗಿಂತ ಹೆಚ್ಚು ಅವನ ತಲೆಯಲ್ಲಿ ನಿಲ್ಲುವುದಿಲ್ಲ. ಅವನು ಎದ್ದು ಅಕ್ಷರಗಳನ್ನೆಲ್ಲ ಹೊಂದಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಅದಕ್ಕೇ ನಿಬಿಯಾ ದಿನಾ ಬೆಳಿಗ್ಗೆ ಒಬ್ಬನನ್ನೇ ಎಬ್ಬಿಸಿ ಎರಡು ಕೌಂಟರಿಗೂ ಅವನನ್ನೇ ಹಂಚಿದ್ದಳು. ಒಂದಿದ್ದರೆ ಸಾಕು! ದೊಡ್ಡ ಯಂತ್ರದೊಳಗೆ ಪ್ರತಿ ಕೌಂಟರಿನ ಕೆಲಸವೂ ಬೇರೆಬೇರೆ ಎಳೆಯಾಗಿ ಓಡುತ್ತದೆ, ಥ್ರೆಡ್ ಎನ್ನುವುದು ಅದನ್ನೇ. ವಾಲ್ದೆಮಾರನ ಎಳೆ ಬಂದು ಅಜ್ಜಿಯ ಹೆಸರು, ಮೆರ್ಸೆದೆಸ್ ಊರು ಎಂದು ಹೇಳುತ್ತದೆ. ಬರಿ ಎನ್ನುವಷ್ಟರಲ್ಲಿ ಸುಲ್ಮಾಳ ಎಳೆ ನಡುವೆ ನುಗ್ಗಿ ರಿವೇರಾ ಎನ್ನುತ್ತದೆ. ಬರವಣಿಗೆಯವನು ಕೊನೆಗೆ ಕೇಳಿದ ಊರನ್ನೇ ಬರೆದು ಕೈತೊಳೆದುಕೊಳ್ಳುತ್ತಾನೆ. ಜನ ಕಡಿಮೆ ಇದ್ದಾಗ ಏನೂ ಆಗದು. ಜನ ಮುಗಿಬಿದ್ದಾಗ ಅಜ್ಜಿಯ ಹಲ್ಲು ಊರು ಬಿಡುತ್ತದೆ.

"ಒಬ್ಬನನ್ನ ಒಂದೇ ಎಳೆ ಬಳಸಬೇಕು ಅಂತ ಆ ಲೈಬ್ರರಿಯವರು ಹೇಳೇ ಇದಾರೆ. ನಾನೇ ಅತಿಬುದ್ಧಿವಂತೆ," ಅಂದಳು.

"ಒಂದು ಬೀಗ ಹಾಕ್ಬಿಡು," ಅಂದ ಎಡಿಸನ್. ಅವನಿಗೂ ಒಮ್ಮೊಮ್ಮೆ ತಲೆ ಓಡುತ್ತದೆ. "ಒಬ್ಬರ ಎಳೆ ಒಳಗೆ ಹೋದ್ರೆ ಇನ್ನೊಬ್ಬರದು ಬಾಗಿಲಲ್ಲಿ ಕಾಯ್ಲಿ. ನಮ್ಮ ಮಾಟೆ ಥರ."

"ತುರಿಸ್ಮೊ ವಾರದಲ್ಲಿ ಕಾಯೋದಾ? ಜನ ಕಲ್ಲು ಹೊಡೀತಾರೆ. ಬೇಡ. ಇಬ್ರಿಗೂ ಬೇರೆಬೇರೆ ಎಬ್ಬಿಸ್ತೀನಿ. ರಸ್ತೇಲಿ ಎಲ್ರೂ ಅವರವರ ಫ್ಲಾಸ್ಕು ಅವರೇ ಹಿಡ್ಕೊಂಡು ಓಡಾಡಲ್ವಾ, ಹಾಗೆ. ಬೆಳಿಗ್ಗೆ ಸ್ವಲ್ಪ ತಡ ಆಗತ್ತೆ, ಆಗ್ಲಿ ಬಿಡು."

ತಿದ್ದಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆಮೇಲೆ ನಮ್ಮ ಕೈಲಿ ಒಟ್ಟಿಗೆ ಗುಂಡಿ ಕುಟ್ಟಿಸಿದಳು, ಬೆರಳು ನೋಯುವವರೆಗೂ. ದೆಲ್ಮಿರಾ ಅತ್ತೆ ರೋಚಾದಲ್ಲೇ ಉಳಿದಳು, ನಾಯಿ ಅರ್ತೀಗಾಸಿನಲ್ಲೇ ಉಳಿಯಿತು. ನಿಬಿಯಾ ಎದ್ದು ಸೀದಾ ಫಗುಂಡೆಸ್ ಸಾಹೇಬರ ಕೋಣೆಗೆ ನಡೆದಳು. ನಾನು ಹಿಂದೆಯೇ ಹೋದೆ. ಇಂಥ ತಮಾಷೆ ಬಿಟ್ಟರೆ ಮತ್ತೆ ಸಿಗುತ್ತದೆಯೇ?

ಸಾಹೇಬರು ಎಲ್ಲವನ್ನೂ ಕೇಳಿಸಿಕೊಂಡು ತಮ್ಮ ಫ್ಲಾಸ್ಕಿನಿಂದ ತಮ್ಮ ಬುರುಡೆಗೆ ನೀರು ಹೊಯ್ದುಕೊಂಡರು.

"ಸರಿ ಮಾಡಿದೀಯಲ್ಲ, ಮುಗೀತು. ಈ ವಿಷಯ ನಮ್ಮೊಳಗೇ ಇರ್ಲಿ. ಕಾಗದ ಹೇಗೂ ರೆಡಿ ಇದೆ, ಅವನು ಹೋಗ್ಲಿ. ಜನಕ್ಕೂ ಯಾರ ಮೇಲಾದ್ರೂ ಬೆರಳು ತೋರಿಸ್ಬೇಕಲ್ಲ. ನಿನಗೂ ಒಳ್ಳೇದು, ನಿನ್ನ ಹೆಸರು ಕೆಡಲ್ಲ."

ನಿಬಿಯಾಳಿಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಹೆಸರು ಕೆಡಲ್ಲ ಅಂತ ಅವನ ಹೊಟ್ಟೆ ಮೇಲೆ ಹೊಡೀತೀರಾ? ತಪ್ಪು ಬರೆದೋಳು ನಾನು. ಅವನ ಮೇಲೆ ಕಥೆ ಕಟ್ಟಿ ಊರೆಲ್ಲಾ ಹಬ್ಸಿದೋಳೂ ನಾನು. ಉಪ್ಪು ಸುರಿದದ್ದು ನಿಜ, ಬೂಟು ಅದಲುಬದಲಾದದ್ದು ನಿಜ. ಇದು ಸುಳ್ಳು! ಆ ಕಾಗದ ಹರಿದು ಹಾಕಿ. ಇಲ್ಲಾಂದ್ರೆ ನಾನು ಈಗ್ಲೇ ಮನೆಗೆ ಹೋಗ್ತೀನಿ. ತುರಿಸ್ಮೊ ವಾರದ ಲೇಬಲ್ಲೆಲ್ಲಾ ನೀವೂ ನಿಮ್ಮ ನಾದಿನೀನೂ ಕೂತು ಕೈಯಲ್ಲೇ ಬರೀರಿ."

ಸಾಹೇಬರು ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ. ಅವರು ಕಾಗದವನ್ನು ಎತ್ತಿ, ಹರಿದು, ಬುಟ್ಟಿಗೆ ಹಾಕಿದರು. "ಈಗ ಸಮಾಧಾನ ಆಯ್ತಾ?"

"ಇನ್ನೂ ಇಲ್ಲ," ಎಂದವಳೇ ನಿಬಿಯಾ ಮೇಜಿನ ಮೇಲಿದ್ದ ಅವರ ಫ್ಲಾಸ್ಕನ್ನು ಎತ್ತಿ ಕಂಕುಳಿಗೆ ಇರುಕಿಕೊಂಡು ಹೊರಬಿದ್ದಳು. ತಡೆಯುವ ಧೈರ್ಯ ಅವರಿಗಿರಲಿಲ್ಲ. ನಮ್ಮ ಕೋಣೆಯಿಂದ ಬುರುಡೆ ತೆಗೆದುಕೊಂಡು ಅವಳು ಮೆಟ್ಟಿಲು ಇಳಿದಳು. ಅವಳು ಆ ಮೆಟ್ಟಿಲು ಇಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳು ಮನೆಗೆ ಹೋಗುತ್ತಿದ್ದುದೂ ಹಿಂದಿನ ಲಿಫ್ಟಿನಲ್ಲಿ.

ಕೌಂಟರಿನ ಮುಂದೆ ಸಾಲು ಬಾಗಿಲು ದಾಟಿ ಬೀದಿಗೆ ಇಳಿದಿತ್ತು. ವಾಲ್ದೆಮಾರ್ ತಲೆ ತಗ್ಗಿಸಿ ಟೈಪು ಮಾಡುತ್ತಿದ್ದ. ತುಟಿ ಅಲ್ಲಾಡುತ್ತಿತ್ತು: "ತಕ್ವಾರೆಂಬೊ, ತಕ್ವಾರೆಂಬೊ, ತಕ್ವಾರೆಂಬೊ." ನಿಬಿಯಾ ಕೌಂಟರಿನ ಪಕ್ಕದ ಪುಟ್ಟ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ ಅವನ ಪಕ್ಕದಲ್ಲಿ ನಿಂತಳು. ಅವನು ಬೆಚ್ಚಿಬಿದ್ದ.

"ನೀನಲ್ಲ," ಅಂದಳು.

"ಏನು ನಾನಲ್ಲ?"

"ಊರು ತಪ್ಪಿದ್ದು. ನೀನು ಸರಿಯಾಗೇ ಹೊಡೀತಿದ್ದೆ. ತಪ್ಪು ನನ್ನ ಪ್ರೋಗ್ರಾಮಿಂದು. ನೀನೂ ಸುಲ್ಮಾನೂ ಒಟ್ಟಿಗೆ ಒತ್ತಿದಾಗ ಅವಳ ಊರು ನಿಂಗೆ, ನಿನ್ನ ಊರು ಅವಳಿಗೆ. ಈಗ ಸರಿ ಮಾಡಿದೀನಿ. ಫಗುಂಡೆಸ್‌ಗೂ ಹೇಳಿದೀನಿ. ನಿನ್ನನ್ನ ತೆಗೆಯೋ ಕಾಗದ ಹರಿದ."

ವಾಲ್ದೆಮಾರ್ ಕೈಗಳನ್ನು ಕೀಲಿಮಣೆಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಆಗಬೇಕಿತ್ತು ಕೂಡ. ಅವನು ಕೇಳಿದ್ದು ಇಷ್ಟು: "ನಿಜವಾಗ್ಲೂ ನಾನಲ್ವಾ, ನಿಬಿ?"

"ಅಲ್ಲ ಅಂದ್ನಲ್ಲ."

"ನಾನು ಅಪ್ಪನ ಥರ ಆಗ್ತಾ ಇದೀನಿ ಅಂದ್ಕೊಂಡಿದ್ದೆ."

ಅವನ ಅಪ್ಪನನ್ನು ಅವಳು ಬಲ್ಲಳು. ಕೊನೆಗೆ ಮಗನನ್ನೇ ಗುರುತಿಸದೆ ಯಾರಪ್ಪಾ ನೀನು ಎಂದು ಕೇಳುತ್ತಾ ಹೋದ ಮುದುಕ ಅವನು. ಅನ್ನ ತಿನ್ನಿಸಿದವಳು ನಿಬಿಯಾಳೇ.

"ಮಿನಾಸ್ ಅಂತ ಬಾಯಲ್ಲಿ ಹೇಳ್ಕೊಂಡೇ ಹೊಡೀತಿದ್ದೆ. ಆಮೇಲೆ ನೋಡಿದ್ರೆ ಬೇರೆ ಊರಿಗೆ ಹೋಗಿದೆ ಅಂತಿದ್ರು. ಬಾಯಲ್ಲಿ ಒಂದು, ಕೈಯಲ್ಲಿ ಒಂದು ಬರ್ತಾ ಇದೆ ಅಂದ್ಮೇಲೆ ಶುರುವಾಯ್ತು ಅಂತ ಗಟ್ಟಿ ಮಾಡ್ಕೊಂಡೆ. ರಾತ್ರಿ ಹಾಸಿಗೇಲೂ ಊರುಗಳನ್ನ ಹೇಳ್ಕೊಂಡು ಪರೀಕ್ಷೆ ಮಾಡ್ಕೋತಿದ್ದೆ. ಡಾಕ್ಟರ ಹತ್ರ ಹೋಗಕ್ಕೆ ಧೈರ್ಯ ಬರ್ಲಿಲ್ಲ."

ಬಸ್ ಸ್ಟಾಪಿನ ಜಪವನ್ನು ನಾವು ಆಡಿಕೊಂಡು ನಕ್ಕದ್ದು ನೆನಪಾಗಿ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಿಬಿಯಾ ಕಣ್ಣು ಒರೆಸಿಕೊಳ್ಳುವ ಬದಲು ಫ್ಲಾಸ್ಕಿನ ಮುಚ್ಚಳ ತೆಗೆದಳು. ನೀರು ಹೊಯ್ದು ಬುರುಡೆಯನ್ನು ಅವನ ಕೈಗೆ ಕೊಟ್ಟಳು.

"ಕುಡಿ. ಕೊಳವೆ ಅಲ್ಲಾಡಿಸ್ಬೇಡ."

ಅವನು ತಳದವರೆಗೂ ಹೀರಿದ. ಥ್ಯಾಂಕ್ಸ್ ಅಂದುಬಿಡುತ್ತಾನೋ ಎಂದು ನಾನು ಅವನ ಬಾಯಿಯನ್ನೇ ನೋಡುತ್ತಿದ್ದೆ. ಅವನು ಬುರುಡೆಯನ್ನು ಸುಮ್ಮನೆ ಅವಳ ಕೈಗೆ ಕೊಟ್ಟ. ಅವಳು ಸುಮ್ಮನೆ ಮತ್ತೆ ಹೊಯ್ದಳು.

"ರೀ, ನಿಮ್ಮ ಸಂಸಾರ ಆಮೇಲೆ ಮಾಡ್ಕೊಳ್ಳಿ!" ಎಂದು ಸಾಲಿನ ಮುಂದಿದ್ದ ಹೆಂಗಸು ಕೂಗಿದಳು. ಅವಳ ಕೈಯಲ್ಲಿ ಕೇಕಿನ ಡಬ್ಬಿ. "ನನ್ನ ಕ್ರೀಮೆಲ್ಲಾ ಕರಗ್ತಾ ಇದೆ ಇಲ್ಲಿ."

"ಬಂದೆ ತಾಯಿ, ಬಂದೆ. ಯಾವೂರಿಗೆ?" ಎಂದ ವಾಲ್ದೆಮಾರ್.

"ಪೈಸಾಂದೂ."

ಪಕ್ಕದಲ್ಲಿ ಸುಲ್ಮಾಳ ಬೆರಳುಗಳೂ ಓಡುತ್ತಿದ್ದವು. ವಾಲ್ದೆಮಾರ್ ಹೆಸರು ಹೊಡೆದ, ಊರು ಹೊಡೆದ, ಗುಂಡಿ ಒತ್ತಿದ. ಈ ಸಲ ಅವನ ತುಟಿ ಅಲ್ಲಾಡಲಿಲ್ಲ.